ರಘು ದೀಕ್ಷಿತ್ ಅವರ ಮೊದಲ ಆಲ್ಬಂ: ಶರೀಫರಿಗೆ ಗಿಟಾರ್ ಕಟ್ಟಿದ ಬಗೆ

‘ಅಂತರಾಗ್ನಿ – ದ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ 2008ರಲ್ಲಿ ಬಿಡುಗಡೆಯಾದ ಆಲ್ಬಂನಲ್ಲಿ ಇರುವುದು ಎಂಟೇ ಹಾಡುಗಳು. ಅವುಗಳಲ್ಲಿ ನಾಲ್ಕು ಹಿಂದಿಯವು, ಎರಡು ಇಂಗ್ಲಿಷಿನವು, ಎರಡು ಕನ್ನಡದವು. ಮೈಸೂರಿನಲ್ಲಿ ಬೆಳೆದ ಗಾಯಕನೊಬ್ಬ ಸಿನಿಮಾದ ಆಸರೆಯಿಲ್ಲದೆ, ತನ್ನದೇ ತಂಡ ಕಟ್ಟಿಕೊಂಡು, ಕನ್ನಡ ತಿಳಿಯದವರ ಬಾಯಲ್ಲೂ ಕನ್ನಡದ ತತ್ವಪದವನ್ನು ಹಾಡಿಸಿದ್ದಕ್ಕೆ ಮೂಲವಾದದ್ದು ಈ ಎಂಟು ಹಾಡುಗಳ ಪುಟ್ಟ ಸಂಗ್ರಹ. ಇಷ್ಟು ವರ್ಷಗಳ ನಂತರ ಇದನ್ನು ಮತ್ತೆ ಪೂರ್ತಿಯಾಗಿ ಕೇಳಿದಾಗ ಯಾವುದು ಉಳಿದುಕೊಂಡಿದೆ, ಯಾವುದು ಆ ಕಾಲದ ಹುರುಪಿನ ಜೊತೆಯಲ್ಲೇ ಕರಗಿಹೋಗಿದೆ ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ರಘು ದೀಕ್ಷಿತ್ ಅಸಾಮಾನ್ಯ ಗಾಯಕ, ಒಳ್ಳೆಯ ರಾಗಸಂಯೋಜಕ; ಆದರೆ ಈ ಆಲ್ಬಂ ನಿಂತಿರುವುದು ಶಿಶುನಾಳ ಶರೀಫರ ಎರಡು ಪದಗಳ ಮೇಲೆ.

ಹಾಡುಗಳ ವಿಚಾರಕ್ಕೆ ಬರುವ ಮುನ್ನ ಅವರ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳಿತು, ಏಕೆಂದರೆ ಈ ಸಂಗೀತದ ವಿಚಿತ್ರವಾದ ಬೆರಕೆಗೆ ಕಾರಣಗಳು ಅಲ್ಲಿಯೇ ಇವೆ. 1974ರಲ್ಲಿ ನಾಸಿಕದಲ್ಲಿ ಹುಟ್ಟಿದ ಅವರು ಬೆಳೆದದ್ದು, ಓದಿದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದವರು. ಜೊತೆಗೆ ವರ್ಷಗಟ್ಟಲೆ ಭರತನಾಟ್ಯವನ್ನು ಶಾಸ್ತ್ರೋಕ್ತವಾಗಿ ಕಲಿತವರು. ಭರತನಾಟ್ಯ ಗಂಡಸರಿಗೆ ಹೇಳಿಸಿದ್ದಲ್ಲವೆಂದು ಸಹಪಾಠಿಯೊಬ್ಬ ಹಂಗಿಸಿದ್ದಕ್ಕೆ ಹಟಕ್ಕೆ ಬಿದ್ದು ಗಿಟಾರ್ ಹಿಡಿದ ಕಥೆಯನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಗಿಟಾರನ್ನಾಗಲಿ ಗಾಯನವನ್ನಾಗಲಿ ಕ್ರಮವಾಗಿ ಗುರುಮುಖೇನ ಕಲಿಯದ ಈತನ ಹಾಡಿಕೆಯಲ್ಲಿ ತಾಳದ ಹಿಡಿತ ಮಾತ್ರ ಎಲ್ಲಿಯೂ ಸಡಿಲವಾಗುವುದಿಲ್ಲ. ಅದು ಕಾಲಿನಿಂದ ಬಂದ ಹಿಡಿತವೆಂದು ನನ್ನ ಊಹೆ. ವೇದಿಕೆಯ ಮೇಲೆ ಅವರು ಇಂದಿಗೂ ಗೆಜ್ಜೆ ಕಟ್ಟಿಕೊಂಡೇ ನಿಲ್ಲುತ್ತಾರೆ. ಬಣ್ಣಬಣ್ಣದ ಲುಂಗಿಯನ್ನು ಕಂಡು ಅದೆಲ್ಲ ಬರಿಯ ವೇಷವೆಂದು ಮೂಗು ಮುರಿಯುವವರು ಆ ಗೆಜ್ಜೆಯ ಸದ್ದಿಗೆ ಒಮ್ಮೆ ಕಿವಿಗೊಡಬೇಕು.

ಓದು ಮುಗಿದ ಮೇಲೆ ಔಷಧ ಕ್ಷೇತ್ರದ ಉದ್ಯೋಗಕ್ಕಾಗಿ ಬೆಲ್ಜಿಯಂಗೆ ಹೋದವರು, ಅಲ್ಲಿನ ರೇಡಿಯೊ ಕೇಂದ್ರವೊಂದರಲ್ಲಿ ತಮ್ಮ ಹಾಡು ಪ್ರಸಾರವಾಗಿ ಜನ ಮೆಚ್ಚಿಕೊಂಡದ್ದನ್ನು ಕಂಡು, ಪ್ರಯೋಗಾಲಯವನ್ನು ಬಿಟ್ಟು ಬೆಂಗಳೂರಿಗೆ ಮರಳಿದರು. ತೊಂಬತ್ತರ ದಶಕದ ಕೊನೆಯಲ್ಲಿ ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಮೊದಲಾದವರ ಜೊತೆ ಕಟ್ಟಿದ ‘ಅಂತರಾಗ್ನಿ’ ತಂಡ ಕೆಲವು ವರ್ಷ ನಡೆದು ಚದುರಿಹೋಯಿತು. ಆ ನಂತರ ರೂಪುಗೊಂಡದ್ದೇ ‘ದ ರಘು ದೀಕ್ಷಿತ್ ಪ್ರಾಜೆಕ್ಟ್’. ಇದನ್ನು ಕಾಯಂ ಸದಸ್ಯರ ವಾದ್ಯವೃಂದ ಎನ್ನುವುದಕ್ಕಿಂತ, ಬಂದು ನುಡಿಸಿ ಹೋಗುವ ಕಲಾವಿದರಿಗೆ ಸದಾ ಬಾಗಿಲು ತೆರೆದಿಟ್ಟ ಒಂದು ಏರ್ಪಾಡು ಎಂದರೆ ಸರಿಯಾದೀತು. ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಗೌರವ್ ವಾಜ್ ಅವರೇ ವ್ಯವಹಾರವನ್ನೂ ನೋಡಿಕೊಳ್ಳುತ್ತಿದ್ದರು ಎಂಬುದರಿಂದ, ಆ ದಿನಗಳಲ್ಲಿ ಸ್ವತಂತ್ರ ತಂಡವೊಂದರ ಸಂಸಾರ ಹೇಗೆ ನಡೆಯುತ್ತಿತ್ತು ಎಂಬುದನ್ನು ಊಹಿಸಿಕೊಳ್ಳಬಹುದು.

ಆ ಹೊತ್ತಿಗೆ ಬೆಂಗಳೂರು ರಾಕ್ ಸಂಗೀತದ ಊರು ಎಂದು ಹೆಸರಾಗಿ ಬಹಳ ಕಾಲವಾಗಿತ್ತು, ಆದರೆ ಆ ರಾಕ್ ಬಹುಪಾಲು ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹಾಡು ಎಂದರೆ ಒಂದು ಕಡೆ ಸಿನಿಮಾ, ಮತ್ತೊಂದು ಕಡೆ ಸುಗಮ ಸಂಗೀತ. ಇವೆರಡರ ನಡುವೆ ಕಾಲಿಡಲು ಜಾಗವೇ ಇರಲಿಲ್ಲ. ಹಿಂದಿ, ಇಂಗ್ಲಿಷ್, ಕನ್ನಡ ಮೂರನ್ನೂ ಒಂದೇ ತಟ್ಟೆಯಲ್ಲಿ ಬಡಿಸುವ ಗಾಯಕನನ್ನು ಯಾವ ಖಾನೆಗೆ ಹಾಕಬೇಕೆಂದು ಮುಂಬೈಯ ಧ್ವನಿಮುದ್ರಣ ಕಂಪನಿಗಳಿಗೆ ತಿಳಿಯಲಿಲ್ಲ, ಹಾಗಾಗಿ ವರ್ಷಗಳ ಕಾಲ ಅವರು ಅಲೆದದ್ದೇ ಬಂತು. ಕೊನೆಗೆ ಮುಂಬೈಯ ಕಾರ್ಯಕ್ರಮವೊಂದರಲ್ಲಿ ಅವರ ಹಾಡು ಕೇಳಿ ಮೆಚ್ಚಿದ ಸಂಗೀತ ನಿರ್ದೇಶಕ ವಿಶಾಲ್ ದದ್ಲಾನಿ, ತಮ್ಮ ಜೊತೆಗಾರ ಶೇಖರ್ ಅವರೊಂದಿಗೆ ತಾವೇ ಆರಂಭಿಸಿದ ಲೇಬಲ್‌ನಿಂದ ಈ ಆಲ್ಬಂ ಅನ್ನು ಹೊರತಂದರು. ಮುಂಬೈಯಲ್ಲಿ ಪವಾಡಕ್ಕಾಗಿ ಕಾಯುತ್ತಿರುವವನ ಇಂಗ್ಲಿಷ್ ಹಾಡೊಂದು ಆಲ್ಬಂನಲ್ಲಿದೆ. ಅಲೆದಾಟದ ಹತಾಶೆಯನ್ನು ನಗುನಗುತ್ತಲೇ ಹೇಳುವ ಆ ಹಾಡಿನ ಹಿಂದಿನ ಕಥೆ ಇದು. ಕಥೆ ಗೊತ್ತಿದ್ದರೆ ಹಾಡು ರುಚಿಸುತ್ತದೆ, ಗೊತ್ತಿಲ್ಲದಿದ್ದರೆ ಸುಮ್ಮನೆ ಚುರುಕಾಗಿ ಸಾಗಿ ಮುಗಿಯುತ್ತದೆ.

ಈಗ ಆಲ್ಬಂನ ಜೀವಾಳದ ಮಾತು. ‘ಗುಡುಗುಡಿಯಾ ಸೇದಿ ನೋಡೊ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’ – ಈ ಎರಡೂ ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದ ಸಂತ ಶರೀಫರ (1819–1889) ತತ್ವಪದಗಳು. ಕನ್ನಡಿಗರಿಗೆ ಇವು ಹೊಸವಲ್ಲ. ಸಿ. ಅಶ್ವತ್ಥ್ ತಮ್ಮ ಕಂಚಿನ ಕಂಠದಿಂದ ಶರೀಫರನ್ನು ಕ್ಯಾಸೆಟ್‌ಗಳ ಮೂಲಕ ಮನೆಮನೆಗೆ ಮುಟ್ಟಿಸಿದ್ದರು, 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರ ಆ ಧಾಟಿಗಳನ್ನು ಇನ್ನಷ್ಟು ಗಟ್ಟಿಯಾಗಿ ನೆಲೆಗೊಳಿಸಿತ್ತು. ಶರೀಫರ ಪದವೆಂದರೆ ಅಶ್ವತ್ಥರ ಧಾಟಿ ಎಂದೇ ಒಂದು ತಲೆಮಾರಿಗೆ ಕಿವಿಯಲ್ಲಿ ಕೂತುಬಿಟ್ಟಿತ್ತು. ಅಂಥ ಪದಗಳಿಗೆ ಹೊಸದಾಗಿ ರಾಗ ಕಟ್ಟಲು ಹೊರಡುವುದು ಸಾಹಸವೇ ಸರಿ, ಏಕೆಂದರೆ ಚೆನ್ನಾಗಿ ಬರದಿದ್ದರೆ ಹಳೆಯದನ್ನು ಕೆಡಿಸಿದ ಆರೋಪ, ಚೆನ್ನಾಗಿ ಬಂದರೂ ಹೋಲಿಕೆಯಿಂದ ಬಿಡುಗಡೆಯಿಲ್ಲ.

ರಘು ದೀಕ್ಷಿತ್ ಇಲ್ಲಿ ಜಾಣತನ ತೋರಿಸಿದ್ದಾರೆ. ಹಳೆಯ ಧಾಟಿಗೆ ಡ್ರಮ್ಸ್ ಸೇರಿಸಿ ‘ಫ್ಯೂಷನ್’ ಎಂದು ಕರೆಯುವ ಸುಲಭದ ದಾರಿಯನ್ನು ಅವರು ಹಿಡಿದಿಲ್ಲ. ಪದ್ಯವನ್ನು ಮೊದಲ ಬಾರಿಗೆ ಓದಿದವನಂತೆ, ಅದರ ನಡೆಯನ್ನು ಗಿಟಾರಿನ ತಂತಿಯ ಮೇಲೆ ಕೈಯಾಡಿಸುತ್ತ ಹುಡುಕಿ, ತಮ್ಮದೇ ರಾಗವನ್ನು ಕಟ್ಟಿದ್ದಾರೆ. ‘ಗುಡುಗುಡಿಯಾ’ದಲ್ಲಿ ಶರೀಫರು ಹುಕ್ಕಾ ಸೇದಲು ಕರೆಯುತ್ತಾರೆ; ಮನಸ್ಸೇ ಸಂಚಿ, ಮೋಹವೇ ಅದರೊಳಗಿನ ಭಂಗಿ, ಅದನ್ನು ಸುಟ್ಟು ಸೇದಿದರೆ ಒಳಗಿನ ರೋಗ ವಾಸಿಯಾದೀತು ಎನ್ನುವ ಕಿಲಾಡಿತನ ಅದರದ್ದು. ಅಶ್ವತ್ಥರ ಹಾಡಿಕೆಯಲ್ಲಿ ಹಳ್ಳಿಯ ಕಟ್ಟೆಯ ಮೇಲೆ ಕೂತ ಹಿರಿಯನೊಬ್ಬ ಗದರಿಸುತ್ತ ಹೇಳಿದ ಹಾಗಿದ್ದ ಈ ಮಾತು, ಇಲ್ಲಿ ಗೆಳೆಯನೊಬ್ಬ ಹೆಗಲ ಮೇಲೆ ಕೈಹಾಕಿ ಕರೆದಂತೆ ಕೇಳಿಸುತ್ತದೆ. ಪದದ ಪೋಲಿತನ ಈ ಹೊಸ ಕುಣಿತದಲ್ಲಿ ಚೆನ್ನಾಗಿ ಹೊಮ್ಮಿದೆ. ಪಲ್ಲವಿ ಎರಡು ಸಲ ಕಿವಿಗೆ ಬಿದ್ದರೆ ಸಾಕು, ಮೂರನೆಯ ಸಲ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಚರಣಗಳಲ್ಲಿನ ಗೂಢಾರ್ಥ ಅದೇ ಕುಣಿತದ ಭರದಲ್ಲಿ ಹಿಂದೆ ಸರಿಯುತ್ತದೆ ಎಂಬುದನ್ನೂ ಹೇಳಬೇಕು. ಎಷ್ಟೋ ಎಳೆಯರು ಇದನ್ನು ನಶೆಯ ಹಾಡೆಂದೇ ತಿಳಿದು ಕುಣಿಯುತ್ತಾರೆ. ಶರೀಫರು ಅದನ್ನು ಕಂಡಿದ್ದರೆ ಬೇಸರಿಸುತ್ತಿದ್ದರೋ, ಒಳಗೊಳಗೇ ನಗುತ್ತಿದ್ದರೋ!

‘ಸೋರುತಿಹುದು’ ಇದಕ್ಕಿಂತಲೂ ಮೇಲಿನ ಸಾಧನೆ. ಅಜ್ಞಾನದಿಂದ ಸೋರುತ್ತಿರುವ ಮನೆಯ ಮಾಳಿಗೆ, ಅದನ್ನು ಸರಿಮಾಡುವವರು ಯಾರೂ ಇಲ್ಲ, ಕಾಳಕತ್ತಲೆಯಲ್ಲಿ ಮೇಲೆ ಹತ್ತಿ ಹೋಗಲು ತನ್ನಿಂದಾಗದು ಎನ್ನುವ ಪದ್ಯದ ಅಸಹಾಯಕತೆಗೆ ತಕ್ಕಂತೆ ಹಾಡು ಮೆಲ್ಲನೆ ಆರಂಭವಾಗುತ್ತದೆ. ಮೊದಲ ಸಾಲುಗಳಲ್ಲಿ ದನಿಯನ್ನು ಅದುಮಿ ಹಿಡಿದು, ಒಂದೊಂದೇ ವಾದ್ಯವನ್ನು ಒಳಗೆ ಬಿಟ್ಟುಕೊಂಡು, ಕೊನೆಗೆ ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್ಸ್‌ಗಳ ಜೊತೆಗೆ ಗಂಟಲು ಬಿಚ್ಚುವ ಆ ಏರಿಕೆ, ರಾಕ್ ಸಂಗೀತದ ಅತಿ ಹಳೆಯ ತಂತ್ರವೇ ಆದರೂ, ಇಲ್ಲಿ ಪದ್ಯದ ಒಳಗಿನಿಂದಲೇ ಹುಟ್ಟಿದಂತಿದೆ. ಮಳೆ ಜೋರಾದ ಹಾಗೆ ಸೋರಿಕೆಯೂ ಜೋರಾಗುತ್ತದೆಯಲ್ಲವೇ? ಇದನ್ನು ಹಾಡುವಾಗ ಅವರ ಮೈಸೂರು ಸೀಮೆಯ ನಾಲಗೆ ಧಾರವಾಡದ ಕಡೆಯ ‘ಮಾಳಿಗಿ’ಯನ್ನು ಗೌರವದಿಂದ ಹಾಗೆಯೇ ಉಳಿಸಿಕೊಂಡಿದೆ, ಅಲ್ಲಲ್ಲಿ ಸ್ವರಗಳನ್ನು ಎಳೆಯುವ ರೀತಿಯಲ್ಲಿ ದಕ್ಷಿಣದ ಗಾಳಿ ಸುಳಿಯುತ್ತದೆ, ಉತ್ತರ ಕರ್ನಾಟಕದ ಕಿವಿಗಳಿಗೆ ಅದು ತುಸು ಕೃತಕವೆನಿಸಿದರೆ ತಪ್ಪು ಹುಡುಕಲಾಗದು. ಆದರೂ ಶರೀಫರ ಪದಕ್ಕೆ ಅಶ್ವತ್ಥರ ಆಚೆಗೂ ಒಂದು ದಾರಿ ಇದೆಯೆಂದು ಇಷ್ಟು ದೊಡ್ಡ ಸಮೂಹಕ್ಕೆ ತೋರಿಸಿಕೊಟ್ಟ ಹಾಡು ಮತ್ತೊಂದಿಲ್ಲ.

ಹಿಂದಿ ಹಾಡುಗಳಲ್ಲಿ ‘ಮೈಸೂರ್ ಸೆ ಆಯಿ’ ಎಲ್ಲರಿಗೂ ಗೊತ್ತಿರುವುದು. ಮೈಸೂರಿನಿಂದ ಬಂದ ಹುಡುಗಿಯ ಬಗೆಗಿನ ಹಾಡನ್ನು ಹಿಂದಿಯಲ್ಲಿ ಬರೆಯುವುದರಲ್ಲೇ ಒಂದು ತಮಾಷೆಯಿದೆ. ರಾಗದ ಲಾಲಿತ್ಯವಂತೂ ದಕ್ಷಿಣದ್ದೇ. ‘ಹೇ ಭಗವಾನ್’ ದೇವರಲ್ಲಿ ಮತ್ತೊಂದು ಬದುಕನ್ನು ಬೇಡುವ ಹಾಡು. ಇದರ ಉತ್ಸಾಹ ಇನ್ನೂ ಮಾಸಿಲ್ಲ, ಬಯಲು ಕಾರ್ಯಕ್ರಮಗಳಲ್ಲಿ ಸಾವಿರಾರು ಜನ ಒಟ್ಟಿಗೆ ಜಿಗಿಯುವಂತೆ ಮಾಡುವ ಕಸುವು ಅದಕ್ಕಿದೆ. ‘ಖಿಡ್ಕಿ’ ಮತ್ತು ‘ಹರ್ ಸಾಂಸ್ ಮೆ’ ನಯವಾಗಿವೆ, ಸಂಜೆಯ ಹೊತ್ತಿಗೆ ಹಿತವಾಗಿವೆ, ಆದರೆ ಇವನ್ನು ರಘು ದೀಕ್ಷಿತ್ ಅವರೇ ಹಾಡಬೇಕಾಗಿತ್ತೇ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಆ ಕಾಲದ ಹಿಂದಿ ಪಾಪ್ ಗಾಯಕರಲ್ಲಿ ಯಾರು ಹಾಡಿದ್ದರೂ ಹೆಚ್ಚುಕಡಿಮೆ ಹೀಗೆಯೇ ಕೇಳಿಸುತ್ತಿತ್ತು. ಇಂಗ್ಲಿಷಿನ ಪ್ರೇಮಗೀತೆಯ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಸಾಲುಗಳು ಸಾಧಾರಣ, ಭಾವ ಪ್ರಾಮಾಣಿಕ.

ಭಾಷೆ ಬದಲಾದ ಹಾಗೆ ಹಾಡುಗಾರನ ವ್ಯಕ್ತಿತ್ವವೇ ಬದಲಾಗುವುದು ಈ ಆಲ್ಬಂನ ದೊಡ್ಡ ತೊಡಕು. ಕನ್ನಡದಲ್ಲಿ ಹಾಡುವಾಗ ಕೇಳಿಸುವ ಒರಟು, ತುಂಟತನ, ಹೊಟ್ಟೆಯಾಳದ ಕೂಗು ಇವೆಲ್ಲ ಇಂಗ್ಲಿಷಿಗೆ ಬಂದ ಕೂಡಲೇ ಮರ್ಯಾದಸ್ಥವಾಗಿಬಿಡುತ್ತವೆ. ಇದಕ್ಕೆ ಭಾಷೆಯ ಮೇಲಿನ ಹಿಡಿತ ಕಾರಣವಲ್ಲ. ಸಾಹಿತ್ಯದ ತೂಕ ಕಾರಣ. ಶರೀಫರ ಒಂದು ಸಾಲು ಹೊರಬಲ್ಲಷ್ಟು ಭಾರವನ್ನು ಉಳಿದ ಹಾಡುಗಳ ಸಾಲುಗಳು ಹೊರಲಾರವು, ದನಿ ಎಷ್ಟೇ ಎತ್ತರಕ್ಕೇರಿದರೂ ಕೆಳಗೆ ಆಧಾರ ಬೇಕಲ್ಲ. ‘ಹಾಡು ಬರೆದು ಹಾಡುವವನು’ ಎಂಬ ಬಿರುದಿನಲ್ಲಿ ‘ಹಾಡುವ’ ಭಾಗಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ, ‘ಬರೆಯುವ’ ಭಾಗಕ್ಕೆ ಹಾಗೆ ಕೊಡಲಾರೆ.

ಧ್ವನಿಮುದ್ರಣದ ಗುಣಮಟ್ಟ ಚೆನ್ನಾಗಿದೆ. ಗಿಟಾರು, ಪಿಟೀಲು, ಬಾಸ್ ಒಂದನ್ನೊಂದು ತುಳಿಯದೆ ತಮ್ಮ ತಮ್ಮ ಜಾಗದಲ್ಲಿ ನಿಂತಿವೆ, ಪಿಟೀಲಿನ ಎಳೆಗಳಂತೂ ಕರ್ನಾಟಕ ಸಂಗೀತದ ವಾಸನೆಯನ್ನು ಬಲವಂತವಿಲ್ಲದೆ ತಂದಿವೆ. ಆದರೆ ಸ್ಟುಡಿಯೊದ ಈ ಅಚ್ಚುಕಟ್ಟುತನವೇ ಒಂದು ಕೊರತೆಯೂ ಹೌದು. ಇದೇ ಹಾಡುಗಳನ್ನು ವೇದಿಕೆಯಲ್ಲಿ ಕೇಳಿದವರಿಗೆ ಆಲ್ಬಂ ಸ್ವಲ್ಪ ಇಸ್ತ್ರಿ ಮಾಡಿದಂತೆ ಕಾಣುತ್ತದೆ. ವೇದಿಕೆಯ ಮೇಲೆ ಅವರು ಹಾಡಿಗೆ ಮೊದಲು ನಿಂತು, ಸೋರುವ ಮಾಳಿಗೆ ಎಂದರೇನು, ಈ ಪದ ಬರೆದವರು ಯಾರು, ಒಬ್ಬ ಮುಸಲ್ಮಾನ ಶಿಷ್ಯ ಗೋವಿಂದ ಭಟ್ಟರೆಂಬ ಬ್ರಾಹ್ಮಣ ಗುರುವಿನ ಬಳಿ ಹೇಗೆ ಬೆಳೆದ ಎಂಬುದನ್ನೆಲ್ಲ ಕನ್ನಡ ಬಾರದ ಸಭಿಕರಿಗೆ ಬಿಡಿಸಿ ಹೇಳುತ್ತಾರೆ. ಪಲ್ಲವಿಯನ್ನು ತುಂಡುತುಂಡಾಗಿ ಹೇಳಿಕೊಟ್ಟು, ಅವರು ತಪ್ಪಿದರೆ ನಕ್ಕು, ಮತ್ತೆ ಹೇಳಿಸುತ್ತಾರೆ. ಈ ಮೇಷ್ಟ್ರ ಕೆಲಸವನ್ನು ಕೆಲವರು ಅತಿಯಾಯಿತು ಎನ್ನುವುದುಂಟು. ನನಗೆ ಹಾಗೆನಿಸುವುದಿಲ್ಲ, ತತ್ವಪದದ ಭಜನಾ ಮೇಳಗಳಲ್ಲಿಯೂ ಮುಂದಾಳು ಹಾಡಿದ್ದನ್ನು ಹಿಮ್ಮೇಳದವರು ಎತ್ತಿಕೊಳ್ಳುವುದೇ ಕ್ರಮ. ಇಲ್ಲಿ ಹಿಮ್ಮೇಳಕ್ಕೆ ಇಡೀ ಮೈದಾನ ಬಂದಿದೆ ಅಷ್ಟೆ.

ಈ ವೇದಿಕೆಯ ಬಲವೇ ಅವರನ್ನು ಬ್ರಿಟನ್ನಿಗೆ ಕರೆದೊಯ್ದದ್ದು. 2010ರ ನವೆಂಬರಿನಲ್ಲಿ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಈ ಆಲ್ಬಂ ಅಲ್ಲಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ ಬಂತು, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಹಾಡಿದರು. ಊರಿನಲ್ಲಿ ಮೊದಲೇ ಬಿಡುಗಡೆಯಾಗಿದ್ದ ಆಲ್ಬಂ ಅಲ್ಲಿ ಹೊಸದಾಗಿ ಹುಟ್ಟಿದಂತಾಯಿತು. ‘ವಿಶ್ವಸಂಗೀತ’ ಎಂಬ ಖಾನೆ ಎಷ್ಟು ಸರಿ ಎಂಬುದು ಬೇರೆಯ ಚರ್ಚೆ. ಬೆಂಗಳೂರಿನ ಹುಡುಗ ಗಿಟಾರ್ ಹಿಡಿದು ಹಾಡಿದರೆ ಅದು ವಿಶ್ವಸಂಗೀತ, ಲಂಡನ್ನಿನ ಹುಡುಗ ಹಾಡಿದರೆ ಬರಿಯ ಸಂಗೀತ!

ಎರಡನೆಯ ಆಲ್ಬಂ ‘ಜಗ್ ಚಂಗಾ’ 2013ರಲ್ಲಿ ಬಂತು, ಅಂದರೆ ಐದು ವರ್ಷಗಳ ನಂತರ. ಈ ಸಲ ಲೇಬಲ್‌ಗಳ ಗೊಡವೆಗೆ ಹೋಗದೆ ತಾವೇ ಬಿಡುಗಡೆ ಮಾಡಿದರು. ಮೊದಲನೆಯದಕ್ಕಿಂತ ಇದು ಹೆಚ್ಚು ತುಂಬಿಕೊಂಡ ಆಲ್ಬಂ, ಹಾಡುಗಳ ಕಟ್ಟಡ ದೊಡ್ಡದು. ಶರೀಫರ ‘ಲೋಕದ ಕಾಳಜಿ’ ಇಲ್ಲಿಯೂ ಉಳಿದೆಲ್ಲವನ್ನೂ ಹಿಂದೆ ಹಾಕುತ್ತದೆ. ಆದರೆ ಮೊದಲ ಆಲ್ಬಂನ ಹಸಿವು ಇದರಲ್ಲಿಲ್ಲ. ತಾವೇನು ಮಾಡಬಲ್ಲೆವೆಂದು ಗೊತ್ತಾದ ತಂಡವೊಂದು ಅದನ್ನೇ ಇನ್ನಷ್ಟು ಚೊಕ್ಕವಾಗಿ ಮಾಡಿದೆ, ಅಷ್ಟೆ. ನನ್ನ ದೂರು ಇರುವುದು ಹಾಡುಗಳ ಬಗ್ಗೆ ಅಲ್ಲ, ನಡುವಿನ ಅಂತರದ ಬಗ್ಗೆ. ಸ್ವತಂತ್ರ ಕಲಾವಿದನ ಅನ್ನ ಹುಟ್ಟುವುದು ಕಾರ್ಯಕ್ರಮಗಳಿಂದ. ಊರೂರು ಸುತ್ತಿದರೆ ತಂಡದ ಖರ್ಚು ಗಿಟ್ಟುತ್ತದೆ, ಸ್ಟುಡಿಯೊದಲ್ಲಿ ಕೂತರೆ ಕೈಯಿಂದ ಹಣ ಹೋಗುತ್ತದೆ. ಹೀಗಾಗಿ ಹಳೆಯ ಹಾಡುಗಳನ್ನೇ ಮತ್ತೆ ಮತ್ತೆ ಹಾಡುವುದು ಅನಿವಾರ್ಯವಾಗುತ್ತದೆ, ಜನ ಕೇಳುವುದೂ ಅವನ್ನೇ. ಈ ಲೆಕ್ಕಾಚಾರ ಅರ್ಥವಾಗುವಂಥದ್ದೇ ಆದರೂ, ಇಂಥ ದನಿಯ ಮುದ್ರಿತ ಫಸಲು ಇಷ್ಟು ತೆಳುವಾಗಿದೆಯಲ್ಲ ಎಂಬ ಕೊರಗು ಹೋಗುವುದಿಲ್ಲ.

ಆ ಅಂತರವನ್ನು ಭಾಗಶಃ ತುಂಬಿದ್ದು ಸಿನಿಮಾ. ಮೊದಲ ಆಲ್ಬಂ ಬಂದ ವರ್ಷವೇ ತೆರೆಕಂಡ ‘ಸೈಕೋ’ ಚಿತ್ರದ ‘ನಿನ್ನ ಪೂಜೆಗೆ ಬಂದೆ ಮಹದೇಶ್ವರ’ ಹಾಡು ಚಿತ್ರಕ್ಕಿಂತ ಹೆಚ್ಚು ಕಾಲ ಬದುಕಿದೆ. ಮಲೆಯ ಮಾದಪ್ಪನನ್ನು ಕರೆಯುವ ಆ ಕೂಗು ಆಟೊರಿಕ್ಷಾಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಮೊಳಗಿದಷ್ಟು ಅವರ ಆಲ್ಬಂನ ಯಾವ ಹಾಡೂ ಮೊಳಗಲಿಲ್ಲ ಎನ್ನಬೇಕು. ಸುದೀಪ್ ಅವರ ‘ಜಸ್ಟ್ ಮಾತ್ ಮಾತಲ್ಲಿ’ (2010), ಆಮೇಲೆ ‘ನಿನ್ನ ಸನಿಹಕೆ’ (2021), ‘ಆರ್ಕೆಸ್ಟ್ರಾ ಮೈಸೂರು’ (2023) ಚಿತ್ರಗಳಿಗೆ ಸಂಗೀತ ಕೊಡುವಾಗ ಅವರು ಸಿನಿಮಾಕ್ಕಾಗಿ ತಮ್ಮ ದನಿಯನ್ನು ಬಿಟ್ಟುಕೊಟ್ಟಿಲ್ಲ. ವಿಶೇಷವಾಗಿ ‘ನಿನ್ನ ಸನಿಹಕೆ’ಯ ಹಾಡುಗಳಲ್ಲಿ ಅವರ ಮೃದುವಾದ ಕನ್ನಡ ರಾಗಸಂಯೋಜನೆ, ಮೊದಲ ಆಲ್ಬಂನ ಹಿಂದಿ ಪ್ರೇಮಗೀತೆಗಳು ಮುಟ್ಟಲಾಗದ ಕಡೆಗೆ ಮುಟ್ಟಿದೆ. ಇದೇ ಬಗೆಯ ಕನ್ನಡದ ಹಾಡುಗಳು 2008ರ ಆಲ್ಬಂನಲ್ಲಿಯೂ ಇನ್ನೆರಡು ಇದ್ದಿದ್ದರೆ ಎಂದು ಅನಿಸದೆ ಇರದು.

ಕೊಳ್ಳುವವರಿಗೆ, ಅಥವಾ ಇಂದಿನ ರೂಢಿಯಂತೆ ಆ್ಯಪ್‌ಗಳಲ್ಲಿ ಕೇಳುವವರಿಗೆ, ಒಂದೆರಡು ಸೂಚನೆಗಳು. ಆಲ್ಬಂ ಅನ್ನು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಬಾಸ್ ಗಿಟಾರ್ ಮಾಯವಾದರೆ ‘ಸೋರುತಿಹುದು’ ಅರ್ಧ ಸತ್ತಂತೆ. ಅದೇ ಪದವನ್ನು ಮೊದಲು ಅಶ್ವತ್ಥರ ದನಿಯಲ್ಲಿ ಕೇಳಿ, ಆಮೇಲೆ ಇಲ್ಲಿಗೆ ಬಂದರೆ ಎರಡರ ಸೊಗಸೂ ಹೆಚ್ಚುತ್ತದೆ. ಯಾವುದು ಮೇಲು ಎಂಬ ಜಗಳಕ್ಕೆ ಇಳಿಯಬೇಕಿಲ್ಲ. ‘ಲೋಕದ ಕಾಳಜಿ’ಯನ್ನು ಎರಡನೆಯ ಆಲ್ಬಂನಿಂದ ತಂದು ಇವೆರಡರ ಪಕ್ಕಕ್ಕಿಟ್ಟುಕೊಂಡರೆ ಶರೀಫರ ಪದಗಳದ್ದೇ ಪುಟ್ಟದೊಂದು ಸಂಗ್ರಹ ಸಿದ್ಧವಾಗುತ್ತದೆ, ಅದಕ್ಕಿಂತ ಒಳ್ಳೆಯ ಪರಿಚಯ ಈ ಗಾಯಕನಿಗೆ ಬೇಕಿಲ್ಲ. ನಿಮ್ಮ ಊರಿನ ಹತ್ತಿರ ಅವರ ಕಾರ್ಯಕ್ರಮವಿದ್ದರೆ ಮಾತ್ರ ಆಲ್ಬಂನ ಹಣವನ್ನು ಅದರ ಟಿಕೆಟ್ಟಿಗೇ ಹಾಕಿ. ಮುಂದಿನ ಸಾಲುಗಳಿಗೆ ಗೆಜ್ಜೆಯ ಸದ್ದೂ ಕೇಳಿಸುತ್ತದೆ.